ಕಲ್ಲಿನ ತೂತಿನಲ್ಲಿದ್ದ ಕಳ್ಳ

ನಾನು ಬಾಡಿಗೆಗಿದ್ದ ಮನೆಯ ಯಜಮಾನರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಆ ಗಾಯ ನಾನು ಹೇಳಹೊರಟ ಘಟನೆಯಲ್ಲಿ ಆದದ್ದೋ, ಕಾಡಿನ ನೌಕರಿಯಲ್ಲಿ ಮೊದಲೇ ಆಗಿದ್ದದ್ದೋ, ಖಚಿತವಾಗಿ ಹೇಳಲಾರೆ. ಅಂದು ಯಾರು ಏನು ಅಂದರು ಎಂಬುದರಲ್ಲೂ ನನ್ನ ನೆನಪನ್ನು ನಾನು ನಂಬುವುದಿಲ್ಲ. ಅದು ನನಗೆ ಅನುಕೂಲವಾದದ್ದನ್ನೇ ಉಳಿಸಿಕೊಂಡಂತಿದೆ.

ಐವತ್ತರ ದಶಕದಲ್ಲಿ, ಬಿ.ಎಸ್ಸಿ. ಮುಗಿಸಿ ಗುಂಡ್ಲುಪೇಟೆಗೆ ವಿಜ್ಞಾನದ ಮೇಷ್ಟ್ರಾಗಿ ಬಂದಾಗ ಅವರ ಮನೆಯ ಮುಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಬಂಡೀಪುರದಲ್ಲಿ ರೇಂಜರಾಗಿದ್ದು ನಿವೃತ್ತರಾದವರು, ಒಂಟಿ. ನಡುಮನೆಯಲ್ಲಿ ತೇಗದ ಪೆಟ್ಟಿಗೆಗೆ ಗಾಜು ಕೂರಿಸಿ, ಸಂದಿಗೆ ಟಾರು ಮೆತ್ತಿ, ಅದರಲ್ಲಿ ಕಡಲಿನ ಜೀವಗಳನ್ನು ಸಾಕಿದ್ದರು. ಕಲ್ಲಿಕೋಟೆಯ ಲಾರಿಯವರು ಡಬ್ಬಗಳಲ್ಲಿ ಉಪ್ಪುನೀರು, ಮೀನು, ಬಸವನಹುಳು, ತೂತುತೂತಾದ ಕಲ್ಲು ತಂದುಕೊಡುತ್ತಿದ್ದರು. ಇವರು ಗಂಟೆಗೊಮ್ಮೆ ಸೈಕಲ್ ಪಂಪಿನಿಂದ ನೀರಿಗೆ ಗಾಳಿ ಹಾಕುವರು. ಉಣ್ಣುವಾಗಲೂ ಎದ್ದು ಹೋಗುವರು. “ಅನ್ನ ಕಾಯ್ತದೆ ಮೇಷ್ಟ್ರೇ, ಉಸ್ರು ಕಾಯಲ್ಲ.”

ಒಂದು ದೊಡ್ಡ ಕಲ್ಲು ಬಂದ ವಾರದಿಂದ ಬಸವನಹುಳುಗಳು ಸಾಯತೊಡಗಿದವು. ತಳದಲ್ಲಿ ಬರೀ ಒಡೆದ ಚಿಪ್ಪು. ನಾನು ಒಂದನ್ನು ಎತ್ತಿ ನೋಡಿ, ಇದು ಮೀನಿನ ಕೆಲಸವಲ್ಲ, ಯಾರೋ ಕುಟ್ಟಿದ್ದಾರೆ ಎಂದೆ. ಇಷ್ಟು ನೆನಪಿದೆ. ಮನೆಗೆಲಸದ ಹೆಂಗಸು ಬೇಗೂರಿನವಳು, ವಿಧವೆ. ಮಗಳೊಂದಿಗೆ ಹಿತ್ತಲ ಕೋಣೆಯಲ್ಲೇ ಇದ್ದಳು. ಅವಳ ಜನ ಏಡಿ, ಹುಳು ತಿನ್ನುತ್ತಾರಲ್ಲ ಎಂದು ನಮ್ಮಿಬ್ಬರಲ್ಲಿ ಯಾರೋ ಒಬ್ಬರು ಅಂದದ್ದು. ರೇಂಜರೇ ಅಂದರೆಂದು ಬಹಳ ವರ್ಷ ನಂಬಿದ್ದೆ.

ಅವಳನ್ನು ಕರೆದು ಕೇಳಿದಾಗ ಪೊರಕೆ ಕೆಳಗಿಡಲೂ ಇಲ್ಲ.

“ಗದ್ದೆ ಏಡಿ ತಿಂದಿವ್ನಿ ಬುದ್ದಿ, ಇಲ್ಲ ಅನ್ನಕಿಲ್ಲ. ತಿನ್ನೋಳು ಚಿಪ್ನ ತಿರ್ಗ ನೀರ್ಗೆ ಆಕ್ಬುಟ್ಟು ಓಯ್ತಾಳಾ? ಕಳ್ಳ ನಿಮ್ ಪೆಟ್ಗೇಲೇ ಅವ್ನೆ, ನನ್ ಮಡ್ಲ ಯಾಕ್ ನೋಡೀರಿ?”

ನಾನು ನಕ್ಕೆ. ಮರುದಿನ ಅವಳು ಗಂಟು ಕಟ್ಟಿಕೊಂಡು, ಮಗಳ ಕೈ ಹಿಡಿದು ಊರಿಗೆ ಹೊರಟುಹೋದಳು.

ಚಿಪ್ಪು ಒಡೆಯುವುದು ನಿಲ್ಲಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅವರು ಬಸವನಹುಳುವಿಗೆ ದಾರ ಕಟ್ಟಿ ಆ ಕಲ್ಲಿನ ತೂತಿನ ಮುಂದೆ ಇಳಿಬಿಟ್ಟು ಕೂತರು. ಬಹಳ ಹೊತ್ತಿನ ಮೇಲೆ ಟಕ್ ಎಂದಿತು, ಮೊಳೆಗೆ ಸುತ್ತಿಗೆ ಬಿದ್ದಂತೆ. ಚಿಪ್ಪು ಬಿರಿದಿತ್ತು. ತೂತಿನಿಂದ ಬೆರಳುದ್ದದ ಹಸಿರು ಪ್ರಾಣಿ ಅರ್ಧ ಹೊರಬಂತು.

“ಸೀಗಡಿ” ಎಂದೆ.

“ಸೀಗಡಿ ಕೈ ಹಿಂಗೆ ಮಡಚ್ಕೊಂಡಿರ್ತದಾ? ಸರ್ಯಾಗಿ ನೋಡಿ.”

ನೋಡಿದೆ. ಬೇಲಿಯ ಮೇಲೆ ಕೂರುವ ಸೂರ್ಯನ ಕುದುರೆ ಹುಳುವಿನಂತೆ ಮುಂಗೈ ಮಡಚಿ ಎದೆಗೆ ಒತ್ತಿಕೊಂಡಿತ್ತು. ಆದರೆ ಅದರಂತೆ ಗರಗಸದ ಮುಳ್ಳಿಲ್ಲ. ಮಡಚಿದ ಕಡೆಯ ಗೆಣ್ಣು ಮಾತ್ರ ಗುಂಡಗೆ ಊದಿತ್ತು. ಅದರಿಂದಲೇ ಗುದ್ದುತ್ತಿತ್ತು. ಕಡ್ಡಿಯ ತುದಿಯಲ್ಲಿದ್ದ ಎರಡು ಕಣ್ಣುಗಳು ಬೇರೆಬೇರೆ ಕಡೆ ಹೊರಳುತ್ತಿದ್ದವು. ಕಲ್ಲಿನೊಳಗೆ ಕೂತೇ ಬಂದಿತ್ತು.

ಅವರು ದಾರ ಕೈಬಿಟ್ಟರು. “ಕಾಡಲ್ಲಿ ಹೆಜ್ಜೆ ನೋಡ್ದೆ ಯಾವ್ ಪ್ರಾಣಿ ಹೆಸ್ರೂ ಹೇಳ್ದೋನಲ್ಲ ನಾನು. ಮನೇಲಿ ಅವ್ಳ್ ಹೆಸ್ರು ಹೇಳ್ಬುಟ್ಟೆ.”

ಅವರು ಕೋಟು ಹಾಕಿಕೊಂಡು ಬೇಗೂರಿನ ಬಸ್ಸು ಹತ್ತಿದರು. ಸಂಜೆ ಒಬ್ಬರೇ ವಾಪಸಾದರು. ಅಲ್ಲಿ ಏನಾಯಿತೆಂದು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಕಲ್ಲನ್ನು ಹಾಗೇ ಬರಿಗೈಯಲ್ಲಿ ಎತ್ತಿ ಡಬ್ಬದಲ್ಲಿಟ್ಟು, ಕಡಲಿಗೆ ಬಿಡಪ್ಪ ಎಂದು ಲಾರಿಯವನಿಗೆ ಕೊಟ್ಟರು. ಹಿತ್ತಲ ಕೋಣೆಗೆ ಬೇರೆ ಯಾರನ್ನೂ ಇಟ್ಟುಕೊಳ್ಳದೆ ಮನೆ ತಾವೇ ಗುಡಿಸಿಕೊಂಡರು.

ನನಗೆ ಚಾಮರಾಜನಗರಕ್ಕೆ ವರ್ಗವಾದ ಮೇಲೆ ಅವರು ತೀರಿಕೊಂಡರು. ಸುದ್ದಿ ತಲುಪಿದ್ದು ತಿಂಗಳ ನಂತರ. ಆ ವಾರವೇ ನಾನು ಬೇಗೂರಿಗೆ ಹೋಗಿ ಅವಳನ್ನು ಹುಡುಕಿದೆ. ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಆ ಭಾನುವಾರ ರೇಂಜರು ಬಂದಿದ್ದರೇ ಎಂದು ಕೇಳಿದೆ.

“ಬಂದಿದ್ರು. ‘ಆ ಮಾತ್ ಅಂದೋನು ನಾನೇ ಕಣವ್ವ, ಮೇಷ್ಟ್ರುದೇನೂ ತಪ್ಪಿಲ್ಲ’ ಅಂದ್ರು.” ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ. “ನಾನು ಇತ್ಲ ಬಾಗ್ಲಲ್ಲಿ ನಿಂತು ಕೇಳ್ಸ್ಕಂಡಿದ್ದೆ. ಅಂದೋರು ನೀವು.”