ಮೂರನೇ ರೂಮಿನ ನಡುಕ

ಆ ವಾರ್ಡಿನ ಹಿರಿಯ ನರ್ಸಿಗೆ ‘ಹದಿನೈದರಕ್ಕ’ ಎಂದೇ ಹೆಸರು. ಕಾಂಡಕೋಶ, ಅಂದರೆ ಸ್ಟೆಮ್ ಸೆಲ್, ಕಸಿಗೆ ಬಂದ ಪ್ರತಿ ರೋಗಿಯ ಎದೆಯಿಂದಲೂ ಒಂದು ತೆಳು ನಳಿಗೆ ಹೊರಬಂದಿರುತ್ತದೆ. ಅದರ ಒಳತುದಿ ಹೃದಯದ ಹತ್ತಿರದ ದೊಡ್ಡ ರಕ್ತನಾಳದಲ್ಲಿ. ರಕ್ತ, ಔಷಧಿ, ದಾನಿಯ ಕೋಶ ಎಲ್ಲ ಹೋಗುವುದು ಅದರಲ್ಲೇ. ಕ್ರಿಮಿ ಹೊಕ್ಕರೆ ಅದೂ ಅದರಲ್ಲೇ, ಕಸಿಗೆ ಮುಂಚಿನ ಔಷಧಿಯಿಂದ ಬಿಳಿ ರಕ್ತಕಣವೇ ಇಲ್ಲದಾದ ಮೈಯಲ್ಲಿ ಅದನ್ನು ತಡೆಯುವವರಿಲ್ಲ. ಹಾಗಾಗಿ ನಳಿಗೆಯ ಮೂತಿಯನ್ನು ಸ್ಪಿರಿಟ್ ಹತ್ತಿಯಿಂದ ಹದಿನೈದು ಎಣಿಸುವವರೆಗೆ ಉಜ್ಜದೆ ಅಕ್ಕ ಯಾರಿಗೂ ಸಿರಿಂಜ್ ಹಚ್ಚಲು ಬಿಡುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದ ಶಿಸ್ತು. ಹದಿಮೂರಕ್ಕೇ ಕೈ ಹಾಕಿದ ದೊಡ್ಡ ಡಾಕ್ಟರೂ ಬೈಸಿಕೊಂಡದ್ದುಂಟು.

ಇಂಥ ಅಕ್ಕನ ಹೊಟ್ಟೆಗೆ ಕಿಚ್ಚಿಟ್ಟವಳು ಆರು ತಿಂಗಳ ಹಿಂದೆ ಸೇರಿದ ಚಿಕ್ಕ ನರ್ಸು. ನಳಿಗೆಯ ಮೇಲಿನ ಪ್ಲಾಸ್ಟರನ್ನು ಅಕ್ಕ ಸರ್ರನೆ ಕೀಳುತ್ತಿದ್ದಳು. ಇವಳು ಅಂಚನ್ನು ಒದ್ದೆಮಾಡಿ, ಚರ್ಮ ಒತ್ತಿಹಿಡಿದು, ಇಷ್ಟಿಷ್ಟೇ ಬಿಡಿಸುತ್ತಿದ್ದಳು. ಮೂರನೇ ರೂಮಿನ ರೋಗಿ, ಬಟ್ಟೆ ಹೊಲಿಯುವ ಟೈಲರ್, ಒಂದು ದಿನ ಅಕ್ಕನನ್ನು ಕಂಡು ಬಾಗಿಲಿನತ್ತ ಇಣುಕಿದ.

“ಚಿಕ್ಕ ಸಿಸ್ಟರ್ ಬರಲ್ವಾ ಇವತ್ತು?”

“ಯಾಕೆ, ನನ್ನ ಕೈಯೇನು ಕಚ್ಚತ್ತಾ?” ಎಂದು ನಕ್ಕಳು ಅಕ್ಕ. ಒಳಗೆ ಮೆಣಸಿನಕಾಯಿ ಅರೆದಂತಾಗಿತ್ತು. ಮೊನ್ನೆ ಮೊನ್ನೆ ಕಣ್ಣು ಬಿಟ್ಟವಳು, ಅಜ್ಜಿಗೆ ಕೆಮ್ಮು ಕಲಿಸಲು ಬಂದಿದ್ದಾಳೆ!

ಮರುದಿನ ಮಧ್ಯಾಹ್ನ ಚಿಕ್ಕವಳು ಓಡಿಬಂದಳು. “ಅಕ್ಕಾ, ನಳಿಗೆಗೆ ಸಲೈನ್ ಬಿಟ್ಟ ಮೇಲೆ ಟೈಲರಣ್ಣ ಒಂದ್ಸಲ ನಡುಗಿದ್ರು. ಜ್ವರ ಇಲ್ಲ. ಡಾಕ್ಟರಿಗೆ ಹೇಳಿಬಿಡ್ಲಾ?”

ನಳಿಗೆಗೆ ಸಲೈನ್ ಬಿಟ್ಟಾಗ ನಡುಕ ಬಂದರೆ ಅದರೊಳಗೇ ಕ್ರಿಮಿ ಕೂತಿರಬಹುದು. ಈ ಪಾಠವನ್ನು ವಾರ್ಡಿಗೆಲ್ಲ ಹೇಳಿಕೊಟ್ಟವಳೇ ಅಕ್ಕ. ಆದರೆ ಡಾಕ್ಟರ ಮುಂದೆ ಈ ಹುಡುಗಿ ಶಭಾಷ್ ಅನ್ನಿಸಿಕೊಳ್ಳುವ ಚಿತ್ರ ಕಣ್ಣಿಗೆ ಕಟ್ಟಿತು.

“ಎಸಿ ಜಾಸ್ತಿಯಾಗಿರತ್ತೆ. ಎಲ್ಲದಕ್ಕೂ ಡಾಕ್ಟರಿಗೆ ದೂರು ಹೇಳೋಕೆ ನಾವ್ಯಾಕಿರೋದು? ಸಾಯಂಕಾಲ ನಾನೇ ನೋಡ್ತೀನಿ, ಬಿಡು.”

ಸಾಯಂಕಾಲ ಅವಳೇ ಹೋದಳು. ಹದಿನೈದು ಎಣಿಸಿದಳು, ಸಲೈನ್ ಬಿಟ್ಟಳು. ಹತ್ತೇ ನಿಮಿಷ. ಟೈಲರನ ಹಲ್ಲು ಕಟಕಟ ಎಂದಿತು, ಮಂಚವೇ ಅಲುಗಿತು. ಮಧ್ಯಾಹ್ನದಿಂದ ನಾಲ್ಕು ತಾಸು ದಂಡವಾಗಿತ್ತು, ದಂಡ ಮಾಡಿದ್ದು ತನ್ನ ಹೊಟ್ಟೆಕಿಚ್ಚು. ಡಾಕ್ಟರನ್ನು ಕೂಗಿದಳು. ರಕ್ತ ಪರೀಕ್ಷೆಗೆ ಹೋಯಿತು, ಔಷಧಿ ಶುರುವಾಯಿತು, ನಳಿಗೆಯನ್ನೇ ತೆಗೆದರು. ಮೂರು ದಿನ ಟೈಲರ್ ಸಾವು-ಬದುಕಿನ ನಡುವೆ ತೂಗಾಡಿದ. ಆ ಮೂರು ದಿನವೂ ಅಕ್ಕ ಚಿಕ್ಕವಳ ಬಾಯಿಯನ್ನೇ ಕಾದಳು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ. ಅವಳು ಪಿಟ್ಟೆನ್ನಲಿಲ್ಲ.

ನಾಲ್ಕನೇ ದಿನ ಜ್ವರ ಇಳಿಯಿತು. ರೌಂಡ್ಸಿನಲ್ಲಿ ದೊಡ್ಡ ಡಾಕ್ಟರ್ ಎಲ್ಲರೆದುರು ಹೇಳಿದರು, “ಅಕ್ಕ ಹೊತ್ತಿಗೆ ಸರಿಯಾಗಿ ಹಿಡಿದ್ರು. ಅನುಭವ ಅಂದ್ರೆ ಇದು.”

ನುಂಗಿಕೊಳ್ಳಬಹುದಿತ್ತು. ಅಕ್ಕನಿಗೆ ಆಗಲಿಲ್ಲ. “ಹಿಡಿದಿದ್ದು ನಾನಲ್ಲ, ಡಾಕ್ಟ್ರೇ. ಇವಳು ಮಧ್ಯಾಹ್ನವೇ ಹೇಳಿದ್ಲು. ಸುಮ್ಮನಿರು ಅಂದಿದ್ದು ನಾನು.”

ಡಾಕ್ಟರ ಮುಖ ಬಿಗಿಯಿತು. “ಸಂಜೆ ನನ್ನ ರೂಮಿಗೆ ಬನ್ನಿ,” ಎಂದಷ್ಟೇ ಹೇಳಿ ಮುಂದೆ ಹೋದರು.

ಕೈತೊಳೆಯುವ ನಲ್ಲಿಯ ಹತ್ತಿರ ಚಿಕ್ಕವಳು ಮೆಲ್ಲಗೆ ಕೇಳಿದಳು, “ಯಾಕಕ್ಕಾ ಹೇಳಿದ್ರಿ? ನಾನಂತೂ ಯಾವತ್ತೂ ಬಾಯಿ ಬಿಡ್ತಿರ್ಲಿಲ್ಲ.”

ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅದನ್ನು ಕಂಡು ಅಕ್ಕನ ಹೊಟ್ಟೆ ಮತ್ತೆ ಉರಿಯಿತು. ಎಲ್ಲರೆದುರು ತಪ್ಪೊಪ್ಪಿಕೊಂಡು ತನ್ನ ಜೀವಮಾನದಲ್ಲೇ ಅತಿ ಕಷ್ಟದ ಕೆಲಸವೊಂದನ್ನು ಮಾಡಿ ಬಂದಿದ್ದಳು. ಆ ದೊಡ್ಡತನದಲ್ಲೂ ಈ ಹುಡುಗಿಯೇ ಒಂದು ಕೈ ಮೇಲಾಗಿದ್ದಳು.