ಸುಚೇತಾ ಕುಯ್ದ ಜಿಂಕೆ

ನನ್ನ ಹೆಂಡತಿ ಸುಚೇತಾ ಮ್ಯಾಂಚೆಸ್ಟರಿನಲ್ಲಿ ಸರ್ಜನ್. ಹದಿನಾರು ವರ್ಷ ಒಮ್ಮೆಯೂ ನಡುಗದ ಅವಳ ಕೈ, 2014ರ ಬೇಸಿಗೆಯಲ್ಲಿ ಆಪರೇಷನ್ ಟೇಬಲ್ ಮೇಲೆ ಒಬ್ಬ ಹುಡುಗಿ ತೀರಿಕೊಂಡ ಮೇಲೆ ನಡುಗತೊಡಗಿತು. ರಜೆ, ಮಾತ್ರೆ, ಕೌನ್ಸೆಲಿಂಗ್ ಎಲ್ಲ ಆಯಿತು. ಬೀನ್ಸ್ ಹೆಚ್ಚಲು ಚಾಕು ಹಿಡಿದರೂ ನಡುಕ. ನವೆಂಬರಿನ ಒಂದು ಸೋಮವಾರ ಅವಳು ಮತ್ತೆ ಡ್ಯೂಟಿಗೆ ಹೋಗಲೇಬೇಕಿತ್ತು.

ಹಿಂದಿನ ಶನಿವಾರ ಬೆಳಿಗ್ಗೆ ಆಸ್ಪತ್ರೆಯ ಪೋರ್ಟರ್ ಡೆರೆಕ್‌ಗೆ ಫೋನ್ ಮಾಡಿದಳು. ಅವನು ಮ್ಯಾಕಲ್ಸ್‌ಫೀಲ್ಡ್ ಆಚೆಯ ಕಾಡಿನಲ್ಲಿ ಲೈಸೆನ್ಸ್ ಇಟ್ಟುಕೊಂಡು ಜಿಂಕೆ ಹೊಡೆಯುವವನು. ಜಿಂಕೆ ಕುಯ್ಯುವುದನ್ನು ಕಲಿಸು ಎಂದು ಅವನನ್ನು ಬೇಡಿಕೊಂಡಳು.

"ಮೊಟ್ಟೇನೂ ಮುಟ್ಟದ ಮನೆ ನಮ್ಮದು. ತಲೆ ಕೆಟ್ಟಿದ್ಯಾ ನಿಂಗೆ?" ಎಂದು ರೇಗಿದೆ.

"ಹೌದು ಕಣ್ರೀ, ಕೆಟ್ಟಿದೆ. ಕಾರ್ ತೆಗೀರಿ," ಎಂದಳು.

ಆಗಷ್ಟೇ ಹೊಡೆದ ಜಿಂಕೆ ಒದ್ದೆ ತರಗೆಲೆಗಳ ಮೇಲೆ ಬಿದ್ದಿತ್ತು. ಜಠರ ತೂತಾದರೆ ಮಾಂಸವೆಲ್ಲ ಹಾಳು, ಎರಡು ಬೆರಳು ಒಳಗಿಟ್ಟು ಅಲಗಿನ ಹರಿತ ಮೇಲಿರುವಂತೆ ಚಾಕು ನಡೆಸಬೇಕು ಎಂದು ಡೆರೆಕ್ ತೋರಿಸಿಕೊಟ್ಟ. ಅವಳು ಎದೆಮೂಳೆಯಿಂದ ಕೆಳಕ್ಕೆ ಒಂದೇ ಗೆರೆ ಎಳೆದಳು. ಕೈ ನಡುಗಲಿಲ್ಲ. ಹಬೆಯಾಡುವ ಕರುಳನ್ನು ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿ ಹೊರಗಿಟ್ಟಳು. ನನಗೆ ಅಳು ಬಂತು. ದೇವರೇ, ಗೆದ್ದಳು ಅಂದುಕೊಂಡೆ.

ಆಗ ಅವಳು ತಲೆ ಎತ್ತದೆ ಬಲ ಅಂಗೈಯನ್ನು ಪಕ್ಕಕ್ಕೆ ಚಾಚಿ, "ಸೂಜಿ," ಎಂದಳು.

ಡೆರೆಕ್ ನನ್ನ ಮುಖ ನೋಡಿದ. "ಹೊಲಿಯೋದೇನಿಲ್ಲ ಡಾಕ್ಟರ್," ಅಂದ ಮೆಲ್ಲಗೆ. "ಇದು ಸತ್ತಿದೆ."

ಚಾಚಿದ ಕೈ ಹಾಗೆಯೇ ಇತ್ತು. ಬೆರಳ ತುದಿಯಿಂದ ನಡುಕ ಶುರುವಾಯಿತು.