ನನ್ನ ಬೇಸ್ ಗಿಟಾರ್ ಯಾರಿಗೆ ಕೇಳಿಸಿತು?

ಹೋದ ಭಾನುವಾರ ಮಧ್ಯಾಹ್ನ ಹೊನ್ನಾವರದಲ್ಲಿ, ಹೊಳೆಯ ಆಚೆ ದಡದಲ್ಲಿ ನಿಂತ ಒಬ್ಬ ಮನುಷ್ಯ ತನ್ನ ಬಿಳಿ ಪಂಚೆ ಬಿಚ್ಚಿ ಬೀಸಿದ. (ಒಳಗೆ ಚಡ್ಡಿ ಇತ್ತು, ಗಾಬರಿ ಬೇಡ.) ಈಚೆ ದಡದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಅಂದಿನ ಕಾರ್ಯಕ್ರಮದ ಕಮಿಟಿಯ ಅಧ್ಯಕ್ಷರು ನನ್ನ ಬೆನ್ನು ತಟ್ಟಿ, "ಆತು, ಇನ್ನು ಎಂತ ಚಿಂತೆ ಇಲ್ಲ" ಅಂದರು.

ನನಗೆ ಅಲ್ಲೇ ಮರಳಿನ ಮೇಲೆ ಕೂತು ಅಳಬೇಕು ಅನಿಸಿತು.

ವಾರವಾರ ಈ ಮೂಲೆಯಲ್ಲಿ ಬಸ್ಸು, ಅಕ್ಕಿ, ನೆಂಟರು ಅಂತ ಗೊಣಗುವ ನಾನು ಹಗಲು ಕುಮಟೆಯ ಒಂದು ಸೊಸೈಟಿಯಲ್ಲಿ ಗುಮಾಸ್ತ. ಉಳಿದ ಹೊತ್ತಿನಲ್ಲಿ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ಇದು ನಿಮ್ಮಲ್ಲಿ ಕೆಲವರಿಗೆ ಗೊತ್ತು. (ಗೊತ್ತಿದ್ದವರೂ ಕೇಳಿಲ್ಲ. ಇವತ್ತಿನ ವಿಷಯವೇ ಅದು.)

ಬೇಸ್ ಗಿಟಾರ್ ಅಂದರೆ ನಾಲ್ಕೇ ತಂತಿ ಇರುವ, ತಗ್ಗು ದನಿಯ ಗಿಟಾರ್. ಹಾಡುವವನು ಮೇಲೆ ಎಷ್ಟು ಕುಣಿದರೂ ಕೆಳಗೆ ಒಬ್ಬ ನೆಲ ಹಿಡಿದು ನಿಂತಿರಬೇಕಲ್ಲ? ಆ ಒಬ್ಬ ನಾನು. ಆದರೆ ನಮ್ಮ ಕರಾವಳಿಯಲ್ಲಿ ಮೈಕು ಅಂದರೆ ಮರಕ್ಕೆ ಕಟ್ಟುವ ತಗಡಿನ ಹಾರ್ನು. ಅದರಲ್ಲಿ ಹಾಡು ಬರುತ್ತದೆ, ಕೊಳಲು ಬರುತ್ತದೆ, ಹಾಡುವವನ ಕೆಮ್ಮೂ ಬರುತ್ತದೆ. ಬೇಸ್ ಮಾತ್ರ ಬರುವುದಿಲ್ಲ. ಅಷ್ಟು ಸಣ್ಣ ಬಾಯಿಯಿಂದ ಅಷ್ಟು ದಪ್ಪ ದನಿ ಹೊರಗೆ ಬೀಳುವುದೇ ಇಲ್ಲ.

ಬಂದರದ ಕಡೆ ಪ್ರೋಗ್ರಾಂ ಇದ್ದರೆ ಇನ್ನೊಂದು ಕಷ್ಟ. ಅಲ್ಲಿ ಮೈಕಿಗೆ ಪರೀಕ್ಷೆ ಉಂಟು. ಮಧ್ಯಾಹ್ನವೇ ಒಬ್ಬನನ್ನು ದೋಣಿಯಲ್ಲಿ ಆಚೆ ದಡಕ್ಕೆ ಕಳಿಸುತ್ತಾರೆ. ಈಚೆಯಿಂದ "ಹಲೋ, ಹಲೋ" ಅಂದದ್ದು ಅವನಿಗೆ ಕೇಳಿದರೆ ಪಂಚೆ ಬೀಸಬೇಕು. ಬೀಸಿದರೆ ಮೈಕು ಪಾಸ್. ಭಟ್ಕಳದಲ್ಲಾದರೆ ಲಂಗರು ಹಾಕಿದ ಬೋಟಿನವನು ಕೈ ಎತ್ತಬೇಕು. ಬೋಟಿನಲ್ಲೇ ಉಳಿದವರಿಗೂ ಹಾಡು ಕೇಳಬೇಕು ಅನ್ನುವುದು ಅವರ ಆಸೆ, ತಪ್ಪು ಅನ್ನಲಾರೆ. ಆದರೆ ಹಾರ್ನುಗಳೆಲ್ಲ ಹೊಳೆಯ ಕಡೆ ಮುಖ ಮಾಡಿರುತ್ತವೆ. ಮುಂದೆ ಚಾಪೆ ಹಾಕಿ ಕೂತವನಿಗೆ ಏನು ಕೇಳುತ್ತದೆ, ಹೇಗೆ ಕೇಳುತ್ತದೆ ಅಂತ ಯಾರೂ ವಿಚಾರಿಸುವುದಿಲ್ಲ.

ಭಾಷಣಕ್ಕೂ ಇದೇ ಲೆಕ್ಕ, ಮದುವೆಗೂ ಇದೇ. ದೂರ ಕೇಳಿದರೆ ದೊಡ್ಡದು. ಏನು ಕೇಳಿತು ಅನ್ನುವುದು ಯಾರಿಗೆ ಬೇಕು?

ಒಮ್ಮೆ ಕುಮಟೆಯಲ್ಲಿ ನಾನು ಒಂದು ಹಾಡು ಪೂರ್ತಿ ಸುಮ್ಮನೆ ನಿಂತು ನೋಡಿದೆ. ಬೆರಳು ತಂತಿಗೆ ತಾಗಿಸಲಿಲ್ಲ. ಯಾರಾದರೂ ತಿರುಗಿ ನೋಡುತ್ತಾರೋ ಅಂತ ಕಾದೆ. ಜನ ನೋಡಲಿಲ್ಲ. ಹಾಡುವವನೂ ನೋಡಲಿಲ್ಲ. ಹಾಡು ಮುಗಿದ ಮೇಲೆ ಅವನು ಬೆವರು ಒರೆಸುತ್ತ, "ಇವತ್ತು ಭಾರೀ ಲಾಯ್ಕ ಕೂತ್ತು ಮಾರಾಯ" ಅಂದ.

ಹೀಗಿರುವಾಗ ನಮ್ಮ ಆರ್ಕೆಸ್ಟ್ರಾದ ಲೀಡರ್ ಸದಾನಂದಣ್ಣ ಮುಂಬಯಿಯಿಂದ ಹೊಸ ಆರ್ಗನ್ ತರಿಸಿದರು. ಅದರ ಎಡಗಡೆಯ ಮನೆಗಳನ್ನು, ಅಂದರೆ ಕೀಗಳನ್ನು, ಒತ್ತಿದರೆ ಬೇಸಿನ ಹಾಗೇ ಒಂದು ಸದ್ದು ಬರುತ್ತದೆ.

"ತಮಾ, ಬೇಜಾರು ಮಾಡ್ಕಣಬೇಡ" ಅಂದರು ಸದಾನಂದಣ್ಣ. "ನಿಂದು ಹೆಂಗೂ ಕೇಳ್ಸುದಿಲ್ಲ. ಟೆಂಪೋದಲ್ಲೂ ಜಾಗ ಇಲ್ಲ. ಇನ್ನು ಮುಂದೆ ಬೇಸ್ ಬೇಡ ಅಂತ ಕಾಣ್ತದೆ."

"ಒಂದು ಸಲ ಸರಿಯಾಗಿ ಕೇಳ್ಸಿ ತೋರಿಸ್ತೆ. ಆಮೇಲೆ ಹೇಳಿ" ಅಂದೆ.

"ಯಾರಿಗೆ ಕೇಳ್ಸಬೇಕು? ನೀನು ಹೇಳಿದ್ರೆ ಆಗೂದಿಲ್ಲ, ನಾನು ಹೇಳಿದ್ರೂ ಆಗೂದಿಲ್ಲ." ಸ್ವಲ್ಪ ಯೋಚಿಸಿ ನಕ್ಕರು. "ಹೊನ್ನಾವರದ ಪ್ರೋಗ್ರಾಮಿಗೆ ನಿನ್ನ ಹೆಂಡ್ತಿಯನ್ನು ಕರ್ಕಂಡು ಬಾ. ಮುಗಿದ ಮೇಲೆ ನಾನೇ ಕೇಳ್ತೆ. ನಿಂದು ಕೇಳ್ತು ಅಂತ ಅವಳು ಹೇಳಿದ್ರೆ ನೀನು ಇರು. ಇಲ್ಲದಿದ್ರೆ ಗಿಟಾರ್ ಗೂಟಕ್ಕೆ ಹಾಕು. ಮೊದ್ಲೇ ಅವಳ ಹತ್ರ ಎಂತದೂ ಹೇಳೂ ಹಾಂಗಿಲ್ಲ."

ಸದಾನಂದಣ್ಣ ಜಾಣರು. ನನ್ನ ಹೆಂಡತಿ ಲಲಿತೆಗೆ ಸುಳ್ಳು ಬರುವುದಿಲ್ಲ ಅನ್ನುವುದು ಊರಿಗೇ ಗೊತ್ತು. ಒಮ್ಮೆ ಜ್ವರ ಅಂತ ರಜೆ ಹಾಕಿದ್ದೆ. ಸೊಸೈಟಿಯ ಸೆಕ್ರೆಟರಿ ಮನೆಗೇ ನೋಡಲು ಬಂದರು. ಇವಳು ಕುರ್ಚಿ ಹಾಕಿ, ಚಾ ಕೊಟ್ಟು, "ಜ್ವರ ಎಂತ ಇಲ್ಲ, ಪ್ರಾಕ್ಟೀಸಿಗೆ ಹೋಗಿದ್ದಾರೆ" ಅಂದಳು. ಇಂಥವಳು ನನ್ನ ಜಡ್ಜ್.

ಅವಳು ನನ್ನ ಪ್ರೋಗ್ರಾಂ ನೋಡದವಳಲ್ಲ. ಮದುವೆಯಾದ ಹೊಸದರಲ್ಲಿ ಎರಡು ಮೂರು ಸಲ ಬಂದಿದ್ದಳು. ಮನೆಗೆ ಬಂದು, "ನೀವು ತಲೆ ಅಲ್ಲಾಡಿಸೂದು ಕಾಣ್ತಿತ್ತು, ನಿಮ್ಮ ಗಿಟಾರ್ ಮಾತ್ರ ಕೇಳಲೇ ಇಲ್ಲ. ಅದು ಹಾಳಾಗಿದ್ಯಾ?" ಅಂತ ಕೇಳಿದ್ದಳು. ಆಮೇಲೆ ಬರುವುದನ್ನೇ ಬಿಟ್ಟಳು. ಮನೆಯಲ್ಲಿ ನಾನು ಆಂಪ್ಲಿಫೈಯರ್ ಇಲ್ಲದೆ ನುಡಿಸುವುದು. (ನಮ್ಮ ಕೇರಿಯ ವೋಲ್ಟೇಜಿಗೆ ಬಲ್ಬೇ ಹೊತ್ತುವುದಿಲ್ಲ.) ಹಾಗೆ ನುಡಿಸಿದರೆ ಬೇಸ್ ಗಿಟಾರ್ ಟಿಕ್ ಟಿಕ್ ಅನ್ನುತ್ತದೆ, ಅಷ್ಟೇ. ಗಂಡನ ವಾದ್ಯದ ನಿಜವಾದ ದನಿ ಹೇಗಿದೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಇದು ನನ್ನ ತಲೆಗೆ ಆಗ ಹೊಳೆಯಬೇಕಿತ್ತು.

ನಾನು ಹಟಕ್ಕೆ ಬಿದ್ದೆ. ಬೇಸಿಗೆ ಬೇರೆಯೇ ಸ್ಪೀಕರ್ ಬೇಕು, ಅದಕ್ಕೊಂದು ಗಟ್ಟಿ ಪೆಟ್ಟಿಗೆ ಬೇಕು, ಪೆಟ್ಟಿಗೆಯೊಳಗಿನ ಗಾಳಿ ಎಲ್ಲೂ ಸೋರಬಾರದು. ಭಟ್ಕಳದ ಗೆಳೆಯ ಇಸ್ಮಾಯಿಲ್ ಒಂದು ದೊಡ್ಡ ಸ್ಪೀಕರ್ ಕೊಟ್ಟ. ಅವನ ಅಣ್ಣ ದುಬೈಯಿಂದ ತಂದದ್ದು, ಮನೆಯಲ್ಲಿ ಹಚ್ಚಿದರೆ ಕಪಾಟಿನ ಗಾಜು ಅದುರುತ್ತದೆ ಅಂತ ಅವನ ಅಮ್ಮ ಮೂಲೆಗೆ ಹಾಕಿಸಿದ್ದರು. ಪೆಟ್ಟಿಗೆ ಮಾಡಿಸಲು ಹೊನ್ನಾವರದ ಹತ್ತಿರದ ಮಂಕಿ ಊರಿಗೆ ಹೋದೆ. ಅಲ್ಲಿ ದೋಣಿ ಕಟ್ಟುವ ಆಚಾರಿಗೆ ವಿಷಯ ಹೇಳಿದೆ. ಅವರು ಬಹಳ ಹೊತ್ತು ಯೋಚಿಸಿ ಒಂದೇ ಪ್ರಶ್ನೆ ಕೇಳಿದರು.

"ಇದು ತೇಲ್ಬೇಕಾ?"

ತೇಲುವುದು ಬೇಡ, ಸೋರದಿದ್ದರೆ ಸಾಕು ಅಂದೆ. ದೋಣಿಗೆ ಮಾಡುವ ಹಾಗೇ ಹಲಗೆಯ ಸಂದಿಗೆಲ್ಲ ಹತ್ತಿ ತುರುಕಿ, ರಾಳ ಬಳಿದು ಕೊಟ್ಟರು. ಒಳಗೆ ನಾನು ತೆಂಗಿನ ನಾರು ತುಂಬಿದೆ. ಎತ್ತಲು ನಾಲ್ಕು ಜನ ಬೇಕಾಯಿತು. ಟೆಂಪೋದಲ್ಲಿ ಅದು ಕೂತ ಮೇಲೆ ನಾವು ಕೂರಲು ಜಾಗ ಉಳಿಯಲಿಲ್ಲ. ಸದಾನಂದಣ್ಣ ಕುಮಟೆಯಿಂದ ಹೊನ್ನಾವರದವರೆಗೂ ಅದನ್ನೇ ದುರುಗುಟ್ಟಿ ನೋಡುತ್ತಿದ್ದರು.

ಮೈಕಿನ ಮಾಬಲಣ್ಣನಿಗೆ ಮಾತ್ರ ಪೆಟ್ಟಿಗೆ ಕಂಡು ಖುಷಿಯಾಯಿತು. ಹೊನ್ನಾವರದ ಎಲ್ಲ ಕಾರ್ಯಕ್ರಮಗಳಿಗೂ ಮೈಕು ಕಟ್ಟುವ ಮನುಷ್ಯ, ಕೆಲಸದಲ್ಲಿ ಬಹಳ ನಿಯತ್ತು. ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದು, "ಇದನ್ನೂ ತೆಂಗಿನ ಮರಕ್ಕೆ ಕಟ್ಟುವಾ?" ಅಂದ.

"ಬೇಡ ಮಾರಾಯ. ನೆಲದ ಮೇಲೇ ಇರ್ಲಿ."

"ನೆಲದ ಮೇಲಿದ್ರೆ ಆಚೆ ದಡಕ್ಕೆ ಹೆಂಗೆ ಮುಟ್ತದೆ?"

ಮುಟ್ಟುವುದು ಬೇಡ, ಮಹಿಳೆಯರ ಬದಿಯ ಮೂರನೇ ಸಾಲಿಗೆ ಮುಟ್ಟಿದರೆ ನನ್ನ ಜನ್ಮ ಪಾವನ ಅಂತ ಹೇಳಲಿಲ್ಲ. ಮಧ್ಯಾಹ್ನ ಕರೆಂಟು ಇರಲಿಲ್ಲ. ಹಾರ್ನುಗಳನ್ನು ಬ್ಯಾಟರಿಯಲ್ಲಿ ಟೆಸ್ಟ್ ಮಾಡಿದರು. ಪಂಚೆ ಬೀಸಿದ್ದು ಆಗಲೇ. ನನ್ನ ಪೆಟ್ಟಿಗೆ ಟೆಸ್ಟ್ ಆಗಲೇ ಇಲ್ಲ. ಅಧ್ಯಕ್ಷರ ಮಟ್ಟಿಗೆ ಪರೀಕ್ಷೆ ಮುಗಿದಿತ್ತು. ಅಳು ಬಂದದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ?

ಸಂಜೆ ಕರೆಂಟು ಬಂತು. ಜನ ತುಂಬಿದರು. ಲಲಿತೆ ನೀಲಿ ಸೀರೆ ಉಟ್ಟು ಮೂರನೇ ಸಾಲಿನಲ್ಲಿ ಕೂತಿದ್ದಳು. ಮೊದಲ ಹಾಡು ಶುರುವಾಯಿತು. ನಾನು ಮೊದಲ ಸ್ವರ ಮೀಟಿದೆ.

ಏನು ಹೇಳಲಿ? ಸ್ಟೇಜಿನ ಹಲಗೆ ಕಾಲಡಿಯಲ್ಲಿ ನಡುಗಿತು. ಢೋಲಕ್ಕಿನವನು ಬೆಚ್ಚಿ ನನ್ನ ಕಡೆ ನೋಡಿದ, ಆಮೇಲೆ ನಕ್ಕ. ಅವನ ಪೆಟ್ಟು, ನನ್ನ ಸ್ವರ ಎರಡೂ ಒಂದರ ಮೇಲೊಂದು ಕೂತವು. ಇಷ್ಟು ವರ್ಷ ಕಿವಿ ತಂತಿಗೆ ಒತ್ತಿ ನುಡಿಸಿದ ನಾನು ಮೊದಲ ಸಲ ನನ್ನ ಬೇಸ್ ಕೇಳಿದೆ. ದುಂಡಗೆ, ತುಂಬಿಕೊಂಡು ಬರುತ್ತಿತ್ತು. ಕಣ್ಣು ಒದ್ದೆಯಾಯಿತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಸದಾನಂದಣ್ಣನೂ ಆರ್ಗನ್ನಿನ ಎಡಗಡೆಯ ಮನೆಗಳಿಂದ ಕೈ ತೆಗೆದರು.

ಎರಡನೇ ಹಾಡಿನ ಹೊತ್ತಿಗೆ ಮಹಿಳೆಯರ ಬದಿಯಲ್ಲಿ ಏನೋ ಗುಸುಗುಸು. ಯಾರೋ ಎದ್ದರು, ಯಾರೋ ಕೂತರು. ದೀಪ ಕಣ್ಣಿಗೆ ಹೊಡೆಯುತ್ತಿತ್ತು, ಸರಿಯಾಗಿ ಕಾಣಲಿಲ್ಲ. ಸ್ವಲ್ಪದರಲ್ಲೇ ಮಾಬಲಣ್ಣ ಓಡಿ ಬಂದ. ಆಂಪ್ಲಿಫೈಯರಿಗೆ ಕಿವಿ ಕೊಟ್ಟ. ವಯರು ಅಲ್ಲಾಡಿಸಿದ. ಅರ್ಥಿಂಗ್ ಸರಿ ಇಲ್ಲ ಅಂತ ಕೊಡಪಾನದಲ್ಲಿ ನೀರು ತಂದು ನೆಲಕ್ಕೆ ಹೂತ ಅರ್ಥ್ ಸಲಾಕೆಯ ಬುಡಕ್ಕೆ ಹೊಯ್ದ. ಮೈಕಿನಲ್ಲಿ ಗುಂಯ್ ಅನ್ನುವ ಸದ್ದು ಬಂದರೆ ಮೈಕಿನವರೆಲ್ಲ ಮೊದಲು ಮಾಡುವುದು ಅದನ್ನೇ. ನಾನು ನುಡಿಸುತ್ತಲೇ ನೋಡುತ್ತಿದ್ದೆ. ಪಾಪ, ಯಾವ ವಯರು ಕೆಟ್ಟಿತೋ ಅಂದುಕೊಂಡೆ. ಅವನು ಸದ್ದಿನ ಬೆನ್ನು ಹಿಡಿದು ಒಂದೊಂದೇ ವಯರು ತಡವುತ್ತ ನನ್ನ ಪೆಟ್ಟಿಗೆಯ ಹತ್ತಿರ ಬಂದ. ಬಗ್ಗಿ ಕೇಳಿದ. ಮುಖ ಅರಳಿತು.

ಪೆಟ್ಟಿಗೆಯ ವಯರಿನ ಪಿನ್ನು ಕಿತ್ತ.

ಹಲಗೆಯ ನಡುಕ ನಿಂತಿತು. ನನ್ನ ಕೈ ಓಡುತ್ತಿತ್ತು, ದನಿ ಇಲ್ಲ. ಕಣ್ಣಲ್ಲೇ ಸನ್ನೆ ಮಾಡಿದೆ, ತಲೆ ಅಲ್ಲಾಡಿಸಿದೆ. ಅವನು 'ಎಲ್ಲ ಸರಿ ಆತು' ಅನ್ನುವ ಹಾಗೆ ಕೈ ತೋರಿಸಿದ. ಜನ ಚಪ್ಪಾಳೆ ತಟ್ಟಿದರು.

ಹಾಡು ಮುಗಿದದ್ದೇ ಕೆಳಗೆ ಹಾರಿದೆ. "ಎಂತಕ್ಕೆ ತೆಗ್ದೆ?"

"ನಿನ್ನ ಪೆಟ್ಟಿಗೆ ಹಾಳಾಗ್ಯದೆ, ತಮಾ. ಪೂರಾ ಗುಂಯ್ ಗುಂಯ್ ಅಂತಿತ್ತು. ಸುಟ್ಟು ಹೋಗೂ ಮೊದ್ಲೇ ತೆಗ್ದೆ."

"ಅದು ಹಾಳಾದ್ದಲ್ಲ, ಅದೇ ಬೇಸ್!"

ಅವನು ನನ್ನನ್ನು ಕನಿಕರದಿಂದ ನೋಡಿದ. "ಕಂಪ್ಲೇಂಟ್ ಬಂದದೆ. ಹೆಂಗಸ್ರ ಬದಿಯಿಂದ." ಹಿಂದೆ ಅಧ್ಯಕ್ಷರು ನಿಂತಿದ್ದರು. ಪಿನ್ನು ಮತ್ತೆ ಹಾಕಿದರೆ ಪ್ರೋಗ್ರಾಮೇ ನಿಲ್ಲಿಸುತ್ತೇನೆ ಅಂದರು. ಉಳಿದ ಹಾಡುಗಳಿಗೆಲ್ಲ ನಾನು ಸ್ಟೇಜಿನ ಮೇಲೆ ಟಿಕ್ ಟಿಕ್ ಮಾಡುತ್ತ ನಿಂತೆ. ನನ್ನ ಪಕ್ಕ ನಿಂತು ಮೇಲಿನ ದನಿಯ ಗಿಟಾರ್ ನುಡಿಸುವ ಲೀಡ್ ಗಿಟಾರಿನವನು ಅಂದು ಚೆನ್ನಾಗಿ ನುಡಿಸಿದ. ಹಾರ್ನಿನಲ್ಲಿ ಅವನದು ಟಿಂಗ್ ಟಿಂಗ್ ಅಂತ ಹೊಳೆ ದಾಟುವ ಹಾಗೆ ಕೇಳುತ್ತಿತ್ತು.

ಮುಗಿದ ಮೇಲೆ ನಾನೇ ಗಿಟಾರ್ ಚೀಲಕ್ಕೆ ಹಾಕಿ ಸದಾನಂದಣ್ಣನ ಎದುರು ನಿಂತೆ. ಆಗಿಹೋಯಿತು, ಕೇಳುವುದೇನಿದೆ ಅಂದೆ. ಅವರು ಮಾತಿಗೆ ತಪ್ಪುವವರಲ್ಲ. ಲಲಿತೆಯನ್ನು ಕರೆದರು.

"ತಂಗೀ, ಇವತ್ತು ಇವನ ಗಿಟಾರ್ ಕೇಳ್ತಾ?"

"ಕೇಳ್ತು" ಅಂದಳು.

ಸದಾನಂದಣ್ಣ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ.

"ಮೊದಲು ಎರಡು ಹಾಡಿಗೆ ಕೇಳ್ಲಿಲ್ಲ" ಅಂತ ಅವಳೇ ಮುಂದುವರಿಸಿದಳು. "ಮೈಕಲ್ಲಿ ಎಂತದೋ ಗುಂಯ್ ಗುಂಯ್ ಅಂತಿತ್ತು. ಇಷ್ಟು ವರ್ಷದ ಮೇಲೆ ಬಂದಿದ್ದೆ, ಇವತ್ತಾದ್ರೂ ಇವರದು ಕೇಳ್ವಾ ಅಂದ್ರೆ ಆ ಶಬ್ದ ಬಿಡೂದಿಲ್ಲ. ನಾನೇ ಎದ್ದು ಹೋಗಿ ಅಧ್ಯಕ್ಷರ ಹತ್ರ ಹೇಳಿದೆ, ನಮ್ಮನೆಯವರ ಗಿಟಾರ್ ಕೇಳ್ಸುದಿಲ್ಲ, ಅದನ್ನು ನಿಲ್ಸಿ ಅಂತ. ಅದು ನಿಂತ ಮೇಲೆ ಎಷ್ಟು ಚಂದ ಕೇಳ್ತು. ಟಿಂಗ್ ಟಿಂಗ್ ಅಂತ."

ಸದಾನಂದಣ್ಣ ನನ್ನ ಹೆಗಲ ಮೇಲೆ ಕೈ ಇಟ್ಟು, "ಆತು ತಮಾ. ಮಾತು ಅಂದ್ರೆ ಮಾತು. ನೀನು ಇರು" ಅಂದರು. "ಪೆಟ್ಟಿಗೆ ಮಾತ್ರ ಮನೇಲೇ ಇರ್ಲಿ."

ಹೀಗೆ ಆರ್ಕೆಸ್ಟ್ರಾದಲ್ಲಿ ನನ್ನ ಜಾಗ ಉಳಿಯಿತು. ಲೀಡ್ ಗಿಟಾರಿನವನು ನುಡಿಸಿದ್ದಕ್ಕೆ ಉಳಿಯಿತು. ಇನ್ನು ಸಾಯುವವರೆಗೂ ನಾನು ಸ್ಟೇಜಿನ ಮೇಲೆ ನಿಂತು ತಲೆ ಅಲ್ಲಾಡಿಸಬಹುದು. ನನ್ನ ಬೇಸ್ ಇನ್ನು ಯಾರೂ ಕೇಳುವುದಿಲ್ಲ. ಕೇಳಿದ್ದು ಎರಡೇ ಹಾಡು, ಅದೂ ರಿಪೇರಿಯಾಗಬೇಕಾದ ಸದ್ದಾಗಿ. ಸತ್ಯ ಹೇಳೋಣ ಅಂತ ಮನೆಯಲ್ಲಿ ಎರಡು ಸಲ ಬಾಯಿ ತೆರೆದೆ. ಅವಳು ಅಡುಗೆ ಮಾಡುತ್ತ ಆ ಟಿಂಗ್ ಟಿಂಗನ್ನೇ ಗುನುಗುತ್ತಿದ್ದಳು. ಚಾ ಉಂಟಾ ಅಂತ ಕೇಳಿ ಹೊರಗೆ ಬಂದೆ.

ನಿನ್ನೆ ಊಟಕ್ಕೆ ಬಡಿಸುತ್ತ ಹೇಳಿದಳು: "ಇನ್ನು ಮೇಲೆ ನಿಮ್ಮ ಎಲ್ಲ ಪ್ರೋಗ್ರಾಮಿಗೂ ನಾನು ಬರ್ತೆ. ಮುಂದಿನ ಸಾಲಲ್ಲೇ ಕೂತ್ಕಣ್ತೆ. ಆ ಶಬ್ದ ಬಂದ್ರೆ ನಾನೇ ಎದ್ದು ನಿಲ್ಲಿಸ್ತೆ, ನೀವು ಚಿಂತೆ ಮಾಡ್ಬೇಡಿ."

ಇಷ್ಟು ಪ್ರೀತಿಸುವ ಹೆಂಡತಿಗೆ, ಆ ಶಬ್ದವೇ ನಾನು ಅಂತ ಹೇಗೆ ಹೇಳಲಿ?